ಮೊದಲ ದೀರ್ಘ ಓಟ: ದೇಹಬಲ ಮತ್ತು ಸತ್ತ್ವಬಲ

ಚಳಿಗಾಲ ಬಂದಿತೆಂದರೆ ಈಗ ನಮ್ಮ ನಾಡಿನ ಅನೇಕ ನಗರಗಳಲ್ಲಿ ದೂರದ ಓಟಗಳು ಏರ್ಪಡುತ್ತವೆ. ಹತ್ತು ಕಿಲೋಮೀಟರ್, 21.1 ಕಿಲೋಮೀಟರಿನ ಅರ್ಧ ಮ್ಯಾರಥಾನ್, 42.195 ಕಿಲೋಮೀಟರಿನ ಪೂರ್ಣ ಮ್ಯಾರಥಾನ್ ಎಂದು ಇವುಗಳಲ್ಲಿ ಬಗೆಗಳುಂಟು. ಹಿಂದೆ ಇವು ಕ್ರೀಡಾಪಟುಗಳಿಗೆ ಮಾತ್ರ ಸಂಬಂಧಿಸಿದ ಸಂಗತಿಗಳಾಗಿದ್ದವು. ಇಂದು ನಮ್ಮ ಚಿಕಿತ್ಸಾಲಯಕ್ಕೆ ಬರುವ ಶಿಕ್ಷಕರು, ಕಿರಾಣಿ ಅಂಗಡಿಯವರು, ಬ್ಯಾಂಕಿನ ನೌಕರರು, ಮಕ್ಕಳು ದೂರದ ಊರು ಸೇರಿದ ಮೇಲೆ ಮನೆಯಲ್ಲಿ ಒಂಟಿಯಾದ ತಾಯಂದಿರು "ನಾವೂ ಓಡಬಹುದೇ?" ಎಂದು ಕೇಳುತ್ತಿದ್ದಾರೆ. ಕೇಳುವವರಲ್ಲಿ ಬಹುಪಾಲು ಜನ ನಲವತ್ತೈದು ದಾಟಿದವರು. ಬಹುಮಾನದ ಆಸೆ ಅವರಲ್ಲಿ ಯಾರಿಗೂ ಇದ್ದಂತಿಲ್ಲ. ತಮ್ಮಿಂದ ಆದೀತೇ ಎಂಬುದನ್ನು ಒಮ್ಮೆ ಕಂಡುಕೊಳ್ಳಬೇಕೆಂಬ ಹಂಬಲವೇ ಅವರನ್ನು ಕರೆತಂದಿರುತ್ತದೆ.

ಆಯುರ್ವೇದ ವೈದ್ಯರಾದ ನಮಗೆ ಇದು ಸುಲಭವಾಗಿ ಉತ್ತರಿಸುವ ಪ್ರಶ್ನೆಯಲ್ಲ. ವ್ಯಾಯಾಮವನ್ನು ಅರ್ಧಶಕ್ತಿಯವರೆಗೆ ಮಾತ್ರ ಮಾಡಬೇಕೆಂದು ನಮ್ಮ ಶಾಸ್ತ್ರವು ಸ್ಪಷ್ಟವಾಗಿ ವಿಧಿಸಿದೆ. ಅದೂ ಬಲಿಷ್ಠನಾದ, ಸ್ನಿಗ್ಧಾಹಾರವನ್ನು ಸೇವಿಸುವ ಮನುಷ್ಯನಿಗೆ, ಶೀತಕಾಲ ಮತ್ತು ವಸಂತಗಳಲ್ಲಿ. ಉಳಿದವರಿಗೆ, ಉಳಿದ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ. ಮಿತಿ ಮೀರಿದ ವ್ಯಾಯಾಮದಿಂದ ತೃಷೆ, ಧಾತುಕ್ಷಯ, ಶ್ವಾಸ, ರಕ್ತಪಿತ್ತ, ಕೆಮ್ಮು, ಜ್ವರ, ವಾಂತಿ ಉಂಟಾಗುವವೆಂದು ಚರಕಾದಿ ಆಚಾರ್ಯರು ಎಚ್ಚರಿಸಿದ್ದಾರೆ. ಓಟದ ಸ್ಪರ್ಧೆಯಾದರೋ ಅರ್ಧಶಕ್ತಿಯ ಗೆರೆಯನ್ನು ದಾಟಿಯೇ ಮುಗಿಯುವಂಥದು. ಹೀಗಿರುವಾಗ ವೈದ್ಯನು ಒಪ್ಪಿಗೆ ಕೊಡುವುದು ಹೇಗೆ?

ಮೊದಲು ಅರ್ಧಶಕ್ತಿಯೆಂದರೇನೆಂದು ನೋಡೋಣ. ಸುಶ್ರುತ ಸಂಹಿತೆಯು ಅದಕ್ಕೆ ಬಹಳ ಸರಳವಾದ ಲಕ್ಷಣವನ್ನು ಕೊಟ್ಟಿದೆ: ವ್ಯಾಯಾಮ ಮಾಡುತ್ತಿರುವಾಗ ಹೃದಯಸ್ಥಾನದ ವಾಯುವು ಬಾಯಿಗೆ ಬರತೊಡಗಿದರೆ, ಅಂದರೆ ಮೂಗಿನ ಉಸಿರು ಸಾಲದೆ ಬಾಯಿಯಿಂದ ಉಸಿರಾಡುವಂತಾದರೆ, ಅದೇ ಬಲಾರ್ಧ. ಹಣೆ, ಮೂಗು, ಕಂಕುಳು ಮತ್ತು ಸಂಧಿಗಳಲ್ಲಿ ಬೆವರು ಮೂಡುವುದನ್ನೂ ಬಾಯಿ ಒಣಗುವುದನ್ನೂ ಇದರೊಂದಿಗೆ ಹೇಳುವುದುಂಟು. ಇಂದಿನ ವ್ಯಾಯಾಮಶಾಸ್ತ್ರಜ್ಞರು ಓಟಗಾರನಿಗೆ ಹೇಳುವ ಪರೀಕ್ಷೆಯೂ ಇದಕ್ಕೆ ಬಹಳ ಹತ್ತಿರವಾಗಿದೆ. ಜೊತೆಯವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡುತ್ತ ಓಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಮಾತು ತುಂಡಾದರೆ ವೇಗ ಹೆಚ್ಚಾಗಿದೆ. ಎದೆಗೆ ಕಟ್ಟುವ ಯಂತ್ರವೂ ಬೇಡ, ಕೈಗಡಿಯಾರವೂ ಬೇಡ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬಲಾರ್ಧವು ಸ್ಥಿರವಾದ ಅಳತೆಯಲ್ಲ. ಚರಕರು ಬಲವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಹುಟ್ಟಿನಿಂದ ಬಂದದ್ದು ಸಹಜ. ಋತು ಮತ್ತು ವಯಸ್ಸಿನಿಂದ ಬರುವಂಥದು ಕಾಲಜ. ಆಹಾರ ಮತ್ತು ಚೇಷ್ಟೆಗಳ ಯೋಜನೆಯಿಂದ ನಾವೇ ಗಳಿಸಿಕೊಳ್ಳುವಂಥದು ಯುಕ್ತಿಕೃತ. ಶ್ರಾವಣದಲ್ಲಿ ಎರಡು ಕಿಲೋಮೀಟರಿಗೇ ಬಾಯಿ ತೆರೆದು ಉಸಿರಾಡುತ್ತಿದ್ದವರು ಕ್ರಮವಾಗಿ ಅಭ್ಯಾಸ ಮಾಡಿದರೆ ಸಂಕ್ರಾಂತಿಯ ಹೊತ್ತಿಗೆ ಹತ್ತು ಕಿಲೋಮೀಟರನ್ನು ಮೂಗಿನ ಉಸಿರಿನಲ್ಲಿಯೇ ಮುಗಿಸಬಲ್ಲರು. ಗೆರೆಯೇ ಮುಂದಕ್ಕೆ ಸರಿದಿರುತ್ತದೆ. ಅಭ್ಯಾಸವೆಲ್ಲವೂ ಬಲಾರ್ಧದೊಳಗೆ ನಡೆಯಬೇಕು. ಸ್ಪರ್ಧೆಯ ದಿನವೂ ಮುಕ್ಕಾಲು ದಾರಿ ಅದರೊಳಗೇ ಇರಬೇಕು. ಕೊನೆಯ ಕಾಲುಭಾಗ ಮಾತ್ರ, ವರ್ಷಕ್ಕೊಮ್ಮೆಯೋ ಎರಡು ಸಲವೋ, ಅದರಾಚೆಗೆ ಹೋಗಬಹುದು. ನಾವು ಒಪ್ಪಿಗೆ ಕೊಡುವುದು ಈ ಕರಾರಿನ ಮೇಲೆ. ನೋಂದಣಿಯ ಕೊನೆಯ ದಿನ ಹೆಸರು ಬರೆಸಿ ಮೂರು ವಾರದಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಡುವೆನೆನ್ನುವವರನ್ನು ನಾವು ತಡೆಯುತ್ತೇವೆ. ಕೇಳದವರೂ ಇದ್ದಾರೆ.

ಇನ್ನು ಆ ಕೊನೆಯ ಕಾಲುಭಾಗದಲ್ಲಿ ಏನು ನಡೆಯುತ್ತದೆ? ಓಡಿದವರೆಲ್ಲರೂ ಅಲ್ಲಿಯೇ ತಮಗೆ ತಿಳಿಯದಿದ್ದ ಶಕ್ತಿಯೊಂದು ದೊರೆಯಿತೆನ್ನುತ್ತಾರೆ. ಅದನ್ನು ಭಾವುಕತೆಯೆಂದು ತಳ್ಳಿಹಾಕುವಂತಿಲ್ಲ.

ಯಕೃತ್ತು ಮತ್ತು ಮಾಂಸಖಂಡಗಳಲ್ಲಿ ಗ್ಲೈಕೋಜೆನ್ ರೂಪದಲ್ಲಿ ಸಕ್ಕರೆಯ ಸಂಗ್ರಹವಿರುತ್ತದೆ. ಅದು ಸುಮಾರು ಎರಡು ಸಾವಿರ ಕ್ಯಾಲೊರಿಯಷ್ಟು. ಪೂರ್ಣ ಮ್ಯಾರಥಾನ್ ಓಡುವವರಲ್ಲಿ ಮೂವತ್ತನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಈ ಸಂಗ್ರಹ ಬರಿದಾಗುತ್ತ ಬರುತ್ತದೆ. ಕಾಲುಗಳು ಕಲ್ಲಿನಂತಾಗುತ್ತವೆ, ಮನಸ್ಸು ಮಂಕಾಗುತ್ತದೆ, ಕಾರಣವಿಲ್ಲದೆ ಅಳು ಬರುವುದೂ ಉಂಟು. ನಿಧಾನವಾಗಿ ಓಡುತ್ತ ಮೂರು ಗಂಟೆ ತೆಗೆದುಕೊಳ್ಳುವವರು ಅರ್ಧ ಮ್ಯಾರಥಾನಿನಲ್ಲಿಯೂ ಇದರ ಸೌಮ್ಯ ರೂಪವನ್ನು ಕಾಣಬಹುದು. ಇದು ದೇಹದ ಮಟ್ಟದ ವಿವರಣೆ. ಆದರೆ ಇದೊಂದೇ ಆಗಿದ್ದರೆ, ಅಷ್ಟೊಂದು ಬಳಲಿದವನು ಮುಕ್ತಾಯದ ಗೆರೆ ಕಂಡೊಡನೆ ವೇಗ ಹೆಚ್ಚಿಸುವುದು ಹೇಗೆ? ಯಾವ ಓಟದಲ್ಲಿಯಾದರೂ ಕೊನೆಯ ಐನೂರು ಮೀಟರಿನಲ್ಲಿ ನಿಂತು ನೋಡಿರಿ, ಕುಂಟುತ್ತಿದ್ದವರೂ ಓಡತೊಡಗುತ್ತಾರೆ. ಹೊಸ ಇಂಧನ ಅವರಿಗೆ ಎಲ್ಲಿಂದಲೂ ಬಂದಿಲ್ಲ. ದಕ್ಷಿಣ ಆಫ್ರಿಕದ ವೈದ್ಯ ಟಿಮ್ ನೋಕ್ಸ್ ಅವರು ಇದನ್ನೇ ಆಧಾರವಾಗಿಟ್ಟುಕೊಂಡು, ದೇಹವು ನಿಜವಾಗಿ ಸೋಲುವುದಕ್ಕೆ ಬಹಳ ಮೊದಲೇ ಮಿದುಳು ಅದನ್ನು ತಡೆಹಿಡಿಯುತ್ತದೆ, ದಣಿವೆಂಬುದು ಹೆಚ್ಚಿನಂಶ ಆ ರಕ್ಷಣೆಯ ಸೂಚನೆ ಎಂದು ವಾದಿಸಿದರು. ಈ ವಾದವನ್ನು ಎಲ್ಲ ಶಾಸ್ತ್ರಜ್ಞರೂ ಪೂರ್ತಿಯಾಗಿ ಒಪ್ಪಿಲ್ಲ. ಆದರೂ ದಣಿವಿನಲ್ಲಿ ಮನಸ್ಸಿನ ಪಾಲು ದೊಡ್ಡದೆಂಬ ಬಗ್ಗೆ ಈಗ ಹೆಚ್ಚಿನ ತಕರಾರಿಲ್ಲ. 2009ರಲ್ಲಿ ಪ್ರಕಟವಾದ ಸಮುಯೆಲೆ ಮಾರ್ಕೋರ ಮತ್ತು ಸಂಗಡಿಗರ ಪ್ರಯೋಗದಲ್ಲಿ ಹದಿನಾರು ಮಂದಿ ತೊಂಬತ್ತು ನಿಮಿಷ ಮನಸ್ಸಿಗೆ ಆಯಾಸ ತರುವ ಕೆಲಸ ಮಾಡಿ ಅನಂತರ ಸೈಕಲ್ ತುಳಿದರು. ಅವರ ಹೃದಯ, ಶ್ವಾಸಕೋಶಗಳ ಕೆಲಸದಲ್ಲಿ ಗಣನೀಯ ಕೊರತೆ ಕಾಣಲಿಲ್ಲ. ಆದರೂ ಉಳಿದ ದಿನಕ್ಕಿಂತ ಬೇಗನೆ ಕೈಬಿಟ್ಟರು. ದಣಿದದ್ದು ಮನಸ್ಸು, ನಿಂತದ್ದು ಕಾಲು.

ನಮ್ಮ ಆಚಾರ್ಯರು ಈ ಎರಡು ದಣಿವುಗಳಿಗೆ ಎರಡು ಹೆಸರುಗಳನ್ನೇ ಇಟ್ಟಿದ್ದಾರೆ. ದುಡಿಮೆಯಿಂದ ಬಂದದ್ದು ಶ್ರಮ. ದುಡಿಯದೆಯೇ ಬರುವ, ಏದುಸಿರೂ ಇಲ್ಲದ, ಇಂದ್ರಿಯಗಳನ್ನು ಮಂಕುಗೊಳಿಸುವ ದಣಿವು ಕ್ಲಮ. ಶ್ರಮಕ್ಕೆ ವಿಶ್ರಾಂತಿಯೇ ಮದ್ದು. ಕ್ಲಮಕ್ಕೆ ವಿಶ್ರಾಂತಿಯಿಂದ ಉಪಯೋಗವಾಗುವುದು ಕಡಿಮೆ. ಮಲಗಿದಷ್ಟೂ ಅದು ಬೆಳೆಯುತ್ತದೆ. ಇಂದು ನಮ್ಮ ಮುಂದೆ ಬಂದು "ಮೈಯೆಲ್ಲ ಭಾರ, ಯಾವುದರಲ್ಲಿಯೂ ಮನಸ್ಸಿಲ್ಲ" ಎನ್ನುವವರಲ್ಲಿ ಅನೇಕರದು ಶ್ರಮವಲ್ಲ, ಕ್ಲಮ. (ರಕ್ತಹೀನತೆ, ಥೈರಾಯ್ಡ್ ಕೊರತೆಗಳನ್ನು ಪರೀಕ್ಷಿಸಿ ಹೊರಗಿಟ್ಟ ಮೇಲೆ ಈ ಮಾತು. ಪರೀಕ್ಷಿಸದೆ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವುದು ಸೋಮಾರಿ ವೈದ್ಯದ ಲಕ್ಷಣ.)

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ರೋಗಿಯ ಬಲವನ್ನು ಅರಿಯಲು ಹತ್ತು ಬಗೆಯ ಪರೀಕ್ಷೆಗಳನ್ನು ಹೇಳಿದೆ. ಅವುಗಳಲ್ಲಿ ಎರಡು ನಮ್ಮ ವಿಷಯಕ್ಕೆ ನೇರವಾಗಿ ಸಲ್ಲುತ್ತವೆ. ಒಂದು ವ್ಯಾಯಾಮಶಕ್ತಿ. ಇದನ್ನು ಅರಿಯುವುದು ಹೇಗೆಂದರೆ ಕೆಲಸ ಮಾಡುವ ಸಾಮರ್ಥ್ಯದಿಂದ. ಮೈಕಟ್ಟು ನೋಡಿ ನಿರ್ಧರಿಸುವ ವೈದ್ಯನು ಮೋಸಹೋಗುತ್ತಾನೆಂದು ಅಲ್ಲಿಯೇ ಎಚ್ಚರಿಕೆಯಿದೆ. ದೊಡ್ಡ ದೇಹದವರು ದುರ್ಬಲರಾಗಿರಬಹುದು, ತನಗಿಂತ ದೊಡ್ಡ ಭಾರವನ್ನು ಹೊರುವ ಇರುವೆಯಂತೆ ಸಣ್ಣ ದೇಹದವರು ಬಲಶಾಲಿಗಳಾಗಿರಬಹುದು. ಕಾಯಕದಿಂದಲೇ ಮನುಷ್ಯನನ್ನು ಅಳೆದ ಶರಣ ಪರಂಪರೆಯ ನಮಗೆ ಇದು ಹೊಸ ಮಾತೇನಲ್ಲ.

ಎರಡನೆಯದು ಸತ್ತ್ವಪರೀಕ್ಷೆ, ಅಂದರೆ ಮನೋಬಲದ ಪರೀಕ್ಷೆ. ಸತ್ತ್ವವು ಪ್ರವರ, ಮಧ್ಯಮ, ಅವರ ಎಂದು ಮೂರು ತೆರನಾಗಿದೆ. ಪ್ರವರಸತ್ತ್ವರು ಕೃಶದೇಹಿಗಳಾದರೂ ದೊಡ್ಡ ನೋವಿನಲ್ಲಿ ಕದಲರು. ಅವರಸತ್ತ್ವರು ದೊಡ್ಡ ದೇಹವಿದ್ದರೂ ಅಲ್ಪ ನೋವನ್ನು ತಾಳರು. ನಮಗೆ ಅತ್ಯಂತ ಉಪಯುಕ್ತವಾಗಿ ಕಾಣುವುದು ನಡುವಿನವರ ವರ್ಣನೆ, ಏಕೆಂದರೆ ನಾವು ನೀವೆಲ್ಲ ಬಹುಮಟ್ಟಿಗೆ ಅಲ್ಲಿಯೇ ಇದ್ದೇವೆ. ಮಧ್ಯಮಸತ್ತ್ವರು ಇತರರು ತಾಳಿಕೊಂಡದ್ದನ್ನು ನೋಡಿ ತಮ್ಮನ್ನು ತಾವೇ ಹಿಡಿದು ನಿಲ್ಲಿಸಿಕೊಳ್ಳುತ್ತಾರೆ, ಇಲ್ಲವೇ ಇತರರು ಅವರನ್ನು ಹಿಡಿದು ನಿಲ್ಲಿಸುತ್ತಾರೆ. ಯುಗಾದಿಯ ಮುನ್ನ ನಮ್ಮ ಉತ್ತರ ಕರ್ನಾಟಕದ ಊರೂರುಗಳಿಂದ ಬಿಸಿಲಿನಲ್ಲಿ ಶ್ರೀಶೈಲಕ್ಕೆ ನಡೆಯುವ ಭಕ್ತರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬೊಬ್ಬರನ್ನೇ ಕರೆದು ಕೇಳಿದರೆ ಅಷ್ಟು ದೂರ ನಡೆಯಲಾರೆನೆನ್ನುವವರೇ ಹೆಚ್ಚು. ತಂಡದಲ್ಲಿ, ಕಂಬಿಯ ಹಿಂದೆ, ದಾರಿಯುದ್ದಕ್ಕೂ ದಾಸೋಹ ನಡೆಸಿ ನೀರು ಮಜ್ಜಿಗೆ ಕೊಡುವವರ ನಡುವೆ ಅವರೇ ಬೊಬ್ಬೆ ಎದ್ದ ಪಾದಗಳಲ್ಲಿ ನಡೆಯುತ್ತಾರೆ.

ಇದನ್ನು ನಾವು ಒಬ್ಬ ತಂಗಿಯ ವಿಷಯದಲ್ಲಿ ಬಹಳ ಹತ್ತಿರದಿಂದ ನೋಡಿದೆವು. ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು ನಲವತ್ತೊಂಬತ್ತು, ಆರು ವರ್ಷಗಳಿಂದ ಮಧುಮೇಹ. ಪತಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಶಾಲೆಗೆ ಹೋಗಿ ಬಂದು ಮಲಗಿಬಿಡುತ್ತಿದ್ದರು. ನಿದ್ರೆ ಇಲ್ಲ, ಹಸಿವೆ ಇಲ್ಲ. ಔಷಧಿಗಿಂತ ಮೊದಲು ನಾವು ಅವರಿಗೆ ಹೇಳಿದ್ದು ಮುಂಜಾನೆ ಇಪ್ಪತ್ತು ನಿಮಿಷ ನಡೆಯಲು. ಅಲ್ಲಿಂದ ಕೆರೆಯ ದಂಡೆಯಲ್ಲಿ ಓಡುವ ಕೆಲವು ಹೆಣ್ಣುಮಕ್ಕಳ ಪರಿಚಯವಾಯಿತು. ಎಂಟು ತಿಂಗಳ ತರುವಾಯ ಬಂದು, "ಇಪ್ಪತ್ತೊಂದು ಕಿಲೋಮೀಟರಿಗೆ ಹೆಸರು ಕೊಡಬೇಕಂತೀನ್ರಿ ಸಾಹೇಬ್ರ, ನೀವು ಹ್ಞೂಂ ಅಂದ್ರ" ಎಂದರು. ಇಸಿಜಿ ಮತ್ತು ಟ್ರೆಡ್‌ಮಿಲ್ ಪರೀಕ್ಷೆ, ಕಣ್ಣಿನ ಪರದೆಯ ಪರೀಕ್ಷೆ, ಪಾದದ ಸ್ಪರ್ಶಜ್ಞಾನದ ಪರೀಕ್ಷೆ ಮಾಡಿಸಿ, ಅವರ ಮಧುಮೇಹದ ವೈದ್ಯರೊಡನೆ ಮಾತನಾಡಿ, ಹತ್ತೊಂಬತ್ತು ವಾರಗಳ ಕ್ರಮವನ್ನು ಬರೆದುಕೊಟ್ಟೆವು. ಓಟದ ದಿನ ಅವರು ಮೂರು ಗಂಟೆ ಹದಿನೆಂಟು ನಿಮಿಷ ತೆಗೆದುಕೊಂಡರು. ಅವರ ಹಿಂದೆ ಹೆಚ್ಚು ಜನ ಇರಲಿಲ್ಲ.

ಒಂದು ವಾರದ ನಂತರ ಅವರು ಹೇಳಿದ್ದು ಇಷ್ಟು. ಹದಿನೇಳನೆಯ ಕಿಲೋಮೀಟರಿನಲ್ಲಿ ಕುಳಿತುಬಿಡಬೇಕೆನಿಸಿತು. ಮುಂದೆ ನಾಲ್ಕು ಕಿಲೋಮೀಟರ್ ಇದೆಯೆಂಬ ಯೋಚನೆಯೇ ಕಾಲನ್ನು ಹಿಡಿಯುತ್ತಿತ್ತು. ಆಗ ದೀಪದ ಕಂಬಗಳನ್ನು ಎಣಿಸತೊಡಗಿದರು. ಒಂದು ಕಂಬ ಓಡುವುದು, ಒಂದು ಕಂಬ ನಡೆಯುವುದು. "ಅವರು ಹೋದ ಮ್ಯಾಲೆ ಮೊದಲ್ನೇ ತಿಂಗಳು ನಾ ಹಿಂಗ ದಿನಾ ದೂಡೀನಿ ಅಂತ ಅಲ್ಲೇ ನೆನಪಾತ್ರಿ. ಸಂಜಿ ತನಕ ಅಷ್ಟ, ಆಮ್ಯಾಲೆ ರಾತ್ರಿ ತನಕ ಅಷ್ಟ." ಅವರು ಆ ದಿನಗಳನ್ನು ತಮ್ಮ ದೌರ್ಬಲ್ಯದ ದಿನಗಳೆಂದೇ ತಿಳಿದಿದ್ದರು. ತಾಳಿಕೊಂಡದ್ದು ತಾವೇ, ತಾಳುವ ಬಲ ಆಗಲೂ ಇತ್ತು ಎಂಬುದು ಓಡುವಾಗ ಅವರಿಗೆ ಗೋಚರಿಸಿತು. ವ್ಯಾಯಾಮದ ಫಲಗಳಲ್ಲಿ ಚರಕರು ಲಾಘವ, ಕರ್ಮಸಾಮರ್ಥ್ಯ, ಸ್ಥೈರ್ಯಗಳೊಂದಿಗೆ ದುಃಖಸಹಿಷ್ಣುತೆಯನ್ನೂ ಎಣಿಸಿದ್ದಾರೆ. ವಿದ್ಯಾರ್ಥಿ ದೆಸೆಯಲ್ಲಿ ಕಂಠಪಾಠ ಮಾಡಿದ ಆ ಪದದ ಅರ್ಥವು ನಮಗೆ ಅಂದು ಹೆಚ್ಚು ಸ್ಪಷ್ಟವಾಯಿತೆನ್ನಬೇಕು. ಅವರ ಮಧುಮೇಹ ಹೋಗಿಲ್ಲ. ಮಾತ್ರೆಯ ಪ್ರಮಾಣ ಇಳಿದಿದೆ. ನಿದ್ರೆ ಬಂದಿದೆ.

ಲೋಕಪ್ರಸಿದ್ಧವಾದ ಇನ್ನೊಂದು ನಿದರ್ಶನವಿದೆ. ಪಂಜಾಬಿನಿಂದ ಇಂಗ್ಲೆಂಡಿಗೆ ಹೋಗಿ ನೆಲಸಿದ್ದ ಫೌಜಾ ಸಿಂಗ್ ಅವರು 1994ರಲ್ಲಿ ಮಗನನ್ನು ಕಳೆದುಕೊಂಡ ದುಃಖದ ನಂತರ ಓಟದ ಕಡೆಗೆ ತಿರುಗಿದವರು. 2000ದಲ್ಲಿ ಲಂಡನ್ನಿನಲ್ಲಿ ತಮ್ಮ ಮೊದಲ ಮ್ಯಾರಥಾನನ್ನು ಮುಗಿಸಿದಾಗ ಅವರ ವಯಸ್ಸು 89. ತೆಗೆದುಕೊಂಡ ಸಮಯ 6 ಗಂಟೆ 54 ನಿಮಿಷ. 2011ರಲ್ಲಿ ಟೊರಾಂಟೊದಲ್ಲಿ ಪೂರ್ಣ ಮ್ಯಾರಥಾನ್ ಮುಗಿಸಿದಾಗ ನೂರು. ಜನನ ಪ್ರಮಾಣಪತ್ರವಿಲ್ಲದ ಕಾರಣ ಗಿನ್ನೆಸ್ ಸಂಸ್ಥೆಯವರು ಅದನ್ನು ದಾಖಲೆಯೆಂದು ಒಪ್ಪಲಿಲ್ಲ. 2025ರ ಜುಲೈಯಲ್ಲಿ ವಾಹನವೊಂದು ಢಿಕ್ಕಿ ಹೊಡೆದು ಅವರು ತೀರಿಕೊಂಡರು. ಇವರನ್ನು ಮಾದರಿಯಾಗಿ ನೋಡುವಾಗ ಅವರ ವೇಗವನ್ನು ನೋಡಬೇಡಿರಿ. ಅವರ ಮಿತಾಹಾರ, ಸರಳ ಜೀವನ ಮತ್ತು ನಿತ್ಯದ ನಡಿಗೆಯನ್ನು ನೋಡಿರಿ.

ಇಷ್ಟು ಹೇಳಿದ ಮೇಲೆ ಇದರ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ಅಪಚಾರವಾದೀತು. ನಮ್ಮ ಪರಿಚಯದ ಇನ್ನೊಬ್ಬರು ಯೌವನದಲ್ಲಿ ಗರಡಿಯಲ್ಲಿ ಸಾಮು ಮಾಡಿದವರು. ಐವತ್ತಮೂರರಲ್ಲಿಯೂ ನೋಡಿದವರು ಹಿಂದೆ ಸರಿಯುವಂಥ ಮೈಕಟ್ಟು. ಓಟದ ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಎದೆಯ ನಡುವೆ ಒತ್ತಿದಂತಾಗಿ ಎಡದವಡೆಗೆ ನೋವು ಹಬ್ಬಿತು. ಜೊತೆಯವರು "ಇನ್ನ ಏಳ ಉಳದಾವ ಅಣ್ಣಾ, ನಡೀರಿ" ಎಂದು ಹುರಿದುಂಬಿಸಿದರು. ಅವರು ಓಡಲಿಲ್ಲ. ರಸ್ತೆಯ ಬದಿಗೆ ಕುಳಿತು ಆಂಬುಲೆನ್ಸ್ ಕರೆಸಿಕೊಂಡರು. ಹೃದಯದ ಒಂದು ರಕ್ತನಾಳ ಬಹುಪಾಲು ಕಟ್ಟಿಕೊಂಡಿತ್ತು. ಅಂದೇ ಸ್ಟೆಂಟ್ ಹಾಕಿದರು. ಸಾವಿರಾರು ಜನರ ಎದುರಿನಲ್ಲಿ, ಊರಿನ ಪೈಲವಾನನೆಂದು ಹೆಸರಾದ ಮನುಷ್ಯ ಹಾಗೆ ಕುಳಿತುಕೊಳ್ಳಲು ಎಷ್ಟು ಸತ್ತ್ವ ಬೇಕೆಂಬುದನ್ನು ಓದುಗರು ಊಹಿಸಿಕೊಳ್ಳಬೇಕು. ಪ್ರವರಸತ್ತ್ವದ ಪಟ್ಟಿಯಲ್ಲಿ ನಾವು ಇವರನ್ನು ಆ ತಂಗಿಯ ಪಕ್ಕದಲ್ಲಿಯೇ ಇಡುತ್ತೇವೆ.

ಆದ್ದರಿಂದ ತಾಳಬೇಕಾದ ನೋವು ಯಾವುದು, ನಿಲ್ಲಬೇಕಾದ ನೋವು ಯಾವುದು ಎಂಬ ವಿವೇಕ ಮೊದಲು ಬರಬೇಕು. ಎರಡೂ ತೊಡೆಗಳಲ್ಲಿ, ಮೀನಖಂಡಗಳಲ್ಲಿ ಸಮನಾಗಿ ಹರಡಿದ ನೋವು, ಸೋಲು, ಬೇಸರ, ಬೊಬ್ಬೆಯ ಉರಿ ಇವು ತಾಳತಕ್ಕವು. ಎದೆ, ದವಡೆ, ಭುಜಗಳಲ್ಲಿ ಒತ್ತಡ, ತಲೆಸುತ್ತು, ಬಡಿತ ತಪ್ಪಿದಂತಾಗುವುದು, ಒಂದೇ ಸಂಧಿಯಲ್ಲಿ ಹೆಜ್ಜೆಹೆಜ್ಜೆಗೂ ಹೆಚ್ಚುವ ಚುಚ್ಚುನೋವು ಬಂದರೆ ನಿಲ್ಲಲೇಬೇಕು. ಜೊತೆಯವರು ತೊದಲಿದರೆ, ಅಸಂಬದ್ಧವಾಗಿ ಮಾತನಾಡಿದರೆ, ತೂರಾಡಿದರೆ ಅದು ಉಷ್ಣಾಘಾತವಾಗಿರಬಹುದು. ಬೆವರು ಹರಿಯುತ್ತಿದೆಯೆಂದು ಧೈರ್ಯಪಡಬಾರದು. ಆಂಬುಲೆನ್ಸ್ ಬರುವ ತನಕ ನೆರಳಿಗೆ ತಂದು ಮೈತುಂಬ ತಣ್ಣೀರು ಸುರಿಯುತ್ತಲೇ ಇರಬೇಕು.

ನೀರಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಕುಡಿದಷ್ಟೂ ಒಳ್ಳೆಯದೆಂದು ಪ್ರತಿ ಕಿಲೋಮೀಟರಿಗೂ ಲೋಟಗಟ್ಟಲೆ ಸುರಿದುಕೊಳ್ಳುವವರಿದ್ದಾರೆ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇಕಡಾ 13 ಮಂದಿಯಲ್ಲಿ ಸೋಡಿಯಂ ಪ್ರಮಾಣ ಕುಸಿದಿತ್ತು. ಹೆಚ್ಚು ಕುಡಿದು ಓಟದ ಕೊನೆಗೆ ತೂಕ ಏರಿಸಿಕೊಂಡವರಲ್ಲಿ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರಲ್ಲಿ ಇದು ಅಧಿಕವಾಗಿತ್ತು. ಇದು ತೀವ್ರವಾದರೆ ಮಿದುಳು ಬಾತು ಪ್ರಾಣಕ್ಕೇ ಅಪಾಯ. ಬಾಯಾರಿದಾಗ ಕುಡಿಯಿರಿ, ಬಾಯಾರಿದಷ್ಟು ಕುಡಿಯಿರಿ. ಜೊತೆಗೆ ಉಪ್ಪು ಹಾಕಿದ ತೆಳು ಮಜ್ಜಿಗೆಯೋ ಲಿಂಬೆಯ ಪಾನಕವೋ ಇರಲಿ. ನೋವಿಗೆ ಹೆದರಿ ಓಟಕ್ಕೆ ಮೊದಲೇ ನೋವಿನ ಮಾತ್ರೆ ನುಂಗುವ ಅಭ್ಯಾಸವನ್ನು ಪೂರ್ಣವಾಗಿ ಬಿಡಬೇಕು; ಬೆವರಿ ಒಣಗಿದ ದೇಹದಲ್ಲಿ ಅದು ಮೂತ್ರಪಿಂಡಗಳಿಗೆ ಪೆಟ್ಟು ಕೊಡುತ್ತದೆ. ಇನ್ಸುಲಿನ್ ಮತ್ತು ಕೆಲವು ಮಧುಮೇಹದ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ಓಟದ ವೇಳೆಗೂ ಅಂದಿನ ರಾತ್ರಿಯೂ ಸಕ್ಕರೆ ಇಳಿಯಬಹುದು. ಪ್ರಮಾಣವನ್ನು ಬದಲಿಸುವುದು ವೈದ್ಯರ ಕೆಲಸ, ಓಡುವ ಗೆಳೆಯರದಲ್ಲ. ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇರಬೇಕು.

ಅಭ್ಯಾಸದ ಕ್ರಮ ಸರಳವಾದದ್ದು. ನಲವತ್ತು ನಿಮಿಷ ನಿರಾಯಾಸವಾಗಿ ನಡೆಯಬಲ್ಲವರು ನಡಿಗೆಯ ನಡುನಡುವೆ ಒಂದೊಂದು ನಿಮಿಷ ಓಡುವುದರಿಂದ ಆರಂಭಿಸಬೇಕು. ವಾರಕ್ಕೆ ನಾಲ್ಕು ದಿನ ಸಾಕು. ಅದರಲ್ಲಿ ಒಂದು ದಿನ ಮಾತ್ರ ದೂರದ ಓಟ. ಆ ದೂರವನ್ನು ವಾರಕ್ಕೆ ಒಂದು ಕಿಲೋಮೀಟರಿಗಿಂತ ಹೆಚ್ಚಿಸಬಾರದು, ನಾಲ್ಕನೆಯ ವಾರ ಇಳಿಸಬೇಕು. ಹದಿನೆಂಟು ಕಿಲೋಮೀಟರ್ ತಲುಪಿದವರು ಇಪ್ಪತ್ತೊಂದನ್ನು ಮುಗಿಸಬಲ್ಲರು. ಪೂರ್ಣ ದೂರವನ್ನು ಮೊದಲೇ ಓಡಿ ನೋಡುವ ಅಗತ್ಯವಿಲ್ಲ. ವಾರಕ್ಕೆರಡು ಸಲ ಎಳ್ಳೆಣ್ಣೆಯ ಅಭ್ಯಂಗ, ವಿಶೇಷವಾಗಿ ಮೊಣಕಾಲು, ಮೀನಖಂಡ, ಅಂಗಾಲುಗಳಿಗೆ. ಹೊರಡುವ ಮೊದಲು ಅಂಗಾಲಿಗೆ ಎಣ್ಣೆ ಬೇಡ, ಬೂಟಿನೊಳಗೆ ಕಾಲು ಜಾರೀತು. ಅಜೀರ್ಣವಾದ ದಿನ, ನಿದ್ರೆಗೆಟ್ಟ ದಿನ ಓಡಕೂಡದು. ಆಹಾರದಲ್ಲಿ ಡಬ್ಬಿಯ ಪುಡಿಗಳನ್ನು ಹುಡುಕುವ ಕಾರಣವಿಲ್ಲ. ಜೋಳದ ರೊಟ್ಟಿ, ಹೆಸರುಕಾಳು, ಹಾಲು, ತುಪ್ಪ, ಶೇಂಗಾ ನಮ್ಮ ಹೊಲದಲ್ಲಿ ದುಡಿಯುವವರನ್ನು ಇಷ್ಟು ಕಾಲ ಸಾಕಿವೆ. ಓಟದ ಮುಂಜಾನೆ ಎರಡು ಗಂಟೆ ಮೊದಲು ತೆಳುವಾದ ಅಂಬಲಿ ಅಥವಾ ಬಾಳೆಹಣ್ಣು ಸಾಕು. ಹೊಸ ತಿನಿಸನ್ನೂ ಹೊಸ ಬೂಟನ್ನೂ ಅಂದು ಪ್ರಯೋಗಿಸಬಾರದು.

ಮುಗಿಸಿದ ಮೇಲೆ ಕೂಡಲೇ ಕುಳಿತುಕೊಳ್ಳದೆ ಹತ್ತು ನಿಮಿಷ ನಡೆದಾಡಬೇಕು. ಥಟ್ಟನೆ ನಿಂತರೆ ರಕ್ತ ಕಾಲುಗಳಲ್ಲಿ ನಿಂತು ಮೂರ್ಛೆ ಬರುವುದುಂಟು. ಅರ್ಧಗಂಟೆಯೊಳಗೆ ಬಿಸಿ ಗಂಜಿ ಅಥವಾ ಹಾಲು. ಅಂದು ಬಲವಾಗಿ ತಿಕ್ಕಿಸಿಕೊಳ್ಳಬಾರದು; ಉಗುರುಬೆಚ್ಚನೆಯ ಎಣ್ಣೆಯ ಲೇಪ, ಬಿಸಿನೀರಿನ ಸ್ನಾನ ಸಾಕು. ಎರಡನೆಯ ದಿನ ನೋವು ಮೊದಲ ದಿನಕ್ಕಿಂತ ಹೆಚ್ಚಿರುತ್ತದೆ, ಗಾಬರಿಪಡುವಂಥದೇನೂ ಇಲ್ಲ. ಮೂತ್ರವು ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಾಲ್ಕೈದು ದಿನಗಳ ನಂತರ ಮನಸ್ಸು ಬರಿದಾದಂತೆ, ಯಾವುದೋ ಹಬ್ಬ ಮುಗಿದಂತೆ ಅನಿಸುವುದು ಸಾಮಾನ್ಯ. ಅದನ್ನು ಹೋಗಲಾಡಿಸಲು ಆತುರದಿಂದ ಇನ್ನೊಂದು ಓಟಕ್ಕೆ ಹೆಸರು ಬರೆಸುವವರಿದ್ದಾರೆ. ಎರಡು ವಾರ ನಡೆಯಿರಿ, ಓಡಬೇಡಿರಿ. ಕೆರೆಯ ದಂಡೆಯಲ್ಲಿ ಆಗತಾನೆ ನಡೆಯಲು ಬಂದ ಹೊಸಬರು ಯಾರಾದರೂ ಇದ್ದೇ ಇರುತ್ತಾರೆ. ಆ ಎರಡು ವಾರ ಅವರ ಜೊತೆಗೆ, ಅವರ ವೇಗದಲ್ಲಿ ನಡೆಯಬಹುದು.